ಜಗಲಿಗೆ ಬಂದ ಅಭ್ಯರ್ಥಿ

"ಗುರುಗಳೇ, ಮೊಬೈಲಿನಲ್ಲೇ ಮತ ಹಾಕುವಂತಾಗಲಿ ಎಂದು ಕೆಲವರು ಬರೆಯುತ್ತಾರೆ. ಹಾಗಾದರೆ ಮತ ಕಳವಾಗುತ್ತದೆ ಎಂದು ಉಳಿದವರು ಅವರ ಮೇಲೆ ಬೀಳುತ್ತಾರೆ. ಯಾರನ್ನು ನಂಬಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಊರಿನ ಸಹಕಾರ ಸಂಘದ ಅಧ್ಯಕ್ಷಗಿರಿಗೆ ನಿಂತಿದ್ದ. ಗೆಲ್ಲಲೇಬೇಕೆಂಬ ಹಟ ಅವನದು. ಎದುರಿಗೆ ನಿಂತವಳು ಹೊಲಿಗೆ ಕಲಿಸುವ ಹೆಂಗಸು; ವ್ಯಾಪಾರಿಯ ಹೆಂಡತಿಗೂ ಅವಳೇ ಕಲಿಸಿದ್ದು.

ಆ ಸಲ ಸದಸ್ಯರೆಲ್ಲ ಮೊಬೈಲಿನಲ್ಲೇ ಮತ ಹಾಕಬೇಕೆಂದು ಸಂಘ ತೀರ್ಮಾನಿಸಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಜಗಳವೋ ಜಗಳ. ಎಲ್ಲೋ ಕೂತ ಕಳ್ಳ ಮತ ಕದಿಯುತ್ತಾನೆ ಎಂದು ಕೆಲವರು. ಬೀಗ ಭದ್ರವಾಗಿದೆ, ಯಾವ ಕಳ್ಳನೂ ಬರಲಾರ ಎಂದು ವ್ಯಾಪಾರಿ ಮತ್ತು ಅವನ ಕಡೆಯವರು. ಎಷ್ಟೇ ಬೈದಾಡಿಕೊಂಡರೂ ಕಳ್ಳ ಹೊರಗಿನವನೇ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ.

ಮತದಾನದ ದಿನ ವ್ಯಾಪಾರಿ ತನ್ನ ಮತ ಒತ್ತಿ ಮುಗಿಸಿದ. ಹೆಂಡತಿಯೂ ಸಂಘದ ಸದಸ್ಯೆ. ಅವಳ ಮುಂದೆ ಕೈ ಚಾಚಿದ. "ನಿನ್ನ ಫೋನ್ ಕೊಡು. ಒಟಿಪಿ ಬಂದಿರುತ್ತೆ, ನಿನ್ನ ಮತಾನೂ ನಾನೇ ಒತ್ತಿಬಿಡ್ತೀನಿ."

ಆಕೆ ಫೋನು ಕೊಡಲಿಲ್ಲ. "ಬೂತಿನಲ್ಲಿ ನಾನು ಒತ್ತೋವಾಗ ನೀವು ಹೊರಗೆ ನಿಂತಿರ್ತಿದ್ರಿ. ಈಗ ಎಲ್ಲಿ ನಿಂತ್ಕೋತೀರಿ?" ಎಂದಳು.

ವ್ಯಾಪಾರಿಗೆ ಸಿಟ್ಟು ಬಂತು. ಆದರೂ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಎದ್ದು ಹೊರಗೆ ಬಂದ. ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತ. ದಾರಿಹೋಕನೊಬ್ಬ "ಏನು ಸಾವ್ಕಾರ್ರೇ, ಹೊರಗೆ ಕೂತ್ಬಿಟ್ರಿ?" ಎಂದರೆ, "ಒಳಗೆ ಮತದಾನ ನಡೀತಿದೆ" ಎಂದ.

ಸಂಜೆ ಒಂದು ಮತದಿಂದ ಸೋತ.

ಅವನ ಕಡೆಯವರು ಗುಂಪಿನಲ್ಲಿ ಕೂಗೆಬ್ಬಿಸಿದರು: ಮತ ಕಳವಾಗಿದೆ, ಮತ್ತೆ ನಡೆಸಿ. ಬೆಳಗಿನವರೆಗೆ ಬೀಗ ಭದ್ರ ಎನ್ನುತ್ತಿದ್ದವರೇ ಇವರು. ವ್ಯಾಪಾರಿ ಬರೆದ: "ನಮ್ಮ ಮನೆಯಲ್ಲಂತೂ ಕಳವಾಗಿಲ್ಲ. ನಾನು ಸೋತಿದ್ದೇನೆ." ಬರೆದು, ಫೋನು ಕೆಳಗಿಟ್ಟು, ಹೆಂಡತಿ ಬಡಿಸಿದ್ದನ್ನು ಉಂಡ. ಅಂಥವನನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಅವನಿಗಿಂತ ಮೊದಲು ಅವನ ಹೆಂಡತಿಗೆ.

ಶಿಷ್ಯ ಯೋಚಿಸಿದ. "ಹಾಗಾದರೆ ಆಕೆ ಮತ ಹಾಕಿದ್ದು ಯಾರಿಗೆ, ಗುರುಗಳೇ?"

"ಒಂದು ಮತದಿಂದ ಸೋತವನೇ ಅದನ್ನು ಕೇಳಲಿಲ್ಲ, ನೀನು ಕೇಳುತ್ತೀಯಲ್ಲ" ಎಂದರು ಗುರುಗಳು.