ಉಸ್ತಾದನ ಮೀಟುಗಡ್ಡಿ

“ಗುರುಗಳೇ, ಹನ್ನೆರಡು ವರ್ಷ ನಿಮ್ಮನ್ನು ಕೂದಲೆಳೆಯಷ್ಟೂ ತಪ್ಪದೆ ಅನುಸರಿಸಿದ್ದೇನೆ. ನಿಮಗಿರುವ ನೆಮ್ಮದಿ ನನಗೆ ಯಾಕೆ ಬರಲಿಲ್ಲ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ. ಇಂದು ಉತ್ತರ ಸಿಗದಿದ್ದರೆ ಮಠ ಬಿಟ್ಟು ಹೋಗುವುದೆಂದು ಅವನು ಬಟ್ಟೆಯ ಗಂಟು ಕಟ್ಟಿಟ್ಟಿದ್ದ.

“ಕೂತುಕೋ. ಗಂಟು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಗುರುಗಳು ಕತೆ ಶುರುಮಾಡಿದರು.

ಪಡುವಣ ಕಡಲಿನ ಒಂದು ಬಂದರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಹಗಲೆಲ್ಲ ಹಡಗುಗಳಿಗೆ ಹಗ್ಗ ಹೊಸೆಯುವುದು, ಸಂಜೆ ಒಬ್ಬ ಅರಬ್ಬಿ ಉಸ್ತಾದನ ಮನೆಯಲ್ಲಿ ಊದ್ ಕಲಿಯುವುದು. ಊದ್ ಎಂದರೆ ಅರಬ್ಬರ ತಂತಿವಾದ್ಯ. ಅರ್ಧ ಹೋಳು ಮಾಡಿದ ಕುಂಬಳಕಾಯಿಯಂಥ ಹೊಟ್ಟೆ, ಗಿಡ್ಡ ಕುತ್ತಿಗೆ. ಅದನ್ನು ಬರಿ ಬೆರಳಿನಿಂದ ನುಡಿಸುವುದಿಲ್ಲ. ಹದ್ದಿನ ಗರಿಯ ದಂಟನ್ನು ಗೇಣುದ್ದ ಸೀಳಿ, ಎಣ್ಣೆಯಲ್ಲಿ ನೆನೆಸಿ, ತುದಿ ನುಣುಪು ಮಾಡಿ, ಮುಷ್ಟಿಯಲ್ಲಿ ಹಿಡಿದು ಮೀಟುತ್ತಾರೆ. ಅದು ಮೀಟುಗಡ್ಡಿ.

ಉಸ್ತಾದ ಮುದುಕನಾಗಿ ಹಾಸಿಗೆ ಹಿಡಿದ. ಸಾಯುವ ಮುಂಚೆ ತನ್ನ ಮೀಟುಗಡ್ಡಿಯನ್ನು ಹಗ್ಗದವನ ಕೈಗಿಟ್ಟ. “ಇದು ನಿನ್ನದು. ಊದ್ ಮಾತ್ರ ನನ್ನ ತಂದೆಯದು, ಅದರ ಮೇಲೆ ನನ್ನ ತಂಗಿಗೂ ಹಕ್ಕಿದೆ. ಮುಂದಿನ ಮಳೆಗಾಲ ಕಳೆದ ಮೇಲೆ ಹಡಗಿನಲ್ಲಿ ಅವಳು ಬರುತ್ತಾಳೆ. ನೀನು ನುಡಿಸಿದ್ದನ್ನು ಕೇಳಿ ಅವಳು ಒಪ್ಪಿದರೆ ಊದ್ ಇಲ್ಲೇ ಇರಲಿ. ಒಪ್ಪದಿದ್ದರೆ ಅವಳೊಂದಿಗೆ ಹೋಗಲಿ” ಎಂದ.

ಹಗ್ಗದವನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಊದ್ ಹೋದರೆ ಅವನ ಸಂಜೆಗಳೇ ಹೋದಂತೆ. ಬಿಟ್ಟೂಬಿಡದೆ ಸಾಧನೆ ಮಾಡಿದ. ಉಸ್ತಾದ ಕೂರುವಂತೆ ಕೂತ, ಉಸ್ತಾದ ಹಿಡಿಯುವಂತೆ ಹಿಡಿದ, ಮಣಿಕಟ್ಟನ್ನು ಉಸ್ತಾದನಂತೆಯೇ ಬಿಗಿದು ಕಟ್ಟಿಗೆ ಮಾಡಿಕೊಂಡ. ನೋಡಿದವರು “ಥೇಟ್ ಉಸ್ತಾದ” ಎಂದರು. ಆಸಾಮಿ ಉಬ್ಬಿಹೋದ.

ಹಡಗು ಬರಲು ಒಂದು ತಿಂಗಳಿರುವಾಗ ಮೀಟುಗಡ್ಡಿ ನಡುವೆ ಮುರಿಯಿತು.

ಹದ್ದಿನ ಗರಿ ಹುಡುಕಿದ. ನಮಗೆ ಬೇಕಾದಾಗ ಹದ್ದು ಗರಿ ಉದುರಿಸುತ್ತದೆಯೇ? ಕೊನೆಗೆ ಮನೆಯಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಕಡ್ಡಿ ಮಾಡತೊಡಗಿದ. ತೆಂಗಿನ ಗರಿಯ ಕಡ್ಡಿ ಮೊದಲ ಮೀಟಿಗೇ ಬಾಗಿ ಕೂತಿತು. ಬಿದಿರಿನ ಸೀಳು ತಂತಿಯನ್ನು ಕೆರೆಯಿತು, ದನಿಗಿಂತ ಕೆರೆತವೇ ಜೋರಾಗಿ ಕೇಳಿತು. ಕೋಳಿಯ ಗರಿ ಮೆತ್ತಗೆ ನುಡಿಯಿತು, ಆದರೆ ಪಕ್ಕದಲ್ಲಿ ಕೂತವನಿಗೂ ಕೇಳಿಸಲಿಲ್ಲ. ತೆಂಗಿನ ಚಿಪ್ಪನ್ನು ತೇಯ್ದು ನೋಡಿದ, ಅದು ಟಕ್ ಎಂದು ಒಡೆಯಿತು. ಒಂದೊಂದು ವಸ್ತುವಿನೊಳಗೂ ಒಂದೊಂದು ದನಿ ಇದೆಯಲ್ಲ ಎಂದು ಅವನಿಗೆ ಅಚ್ಚರಿ. ಪೊರಕೆ ಕಂಡರೂ ಅದರ ಕಡ್ಡಿ ಹೇಗೆ ನುಡಿದೀತು ಎಂದು ಯೋಚಿಸುವ ಹಾಗಾಯಿತು.

ಕೊನೆಗೆ ಎಮ್ಮೆಯ ಕೋಡು ಹೊಳೆಯಿತು. ಕೋಡಿನಿಂದ ಬಾಚಣಿಗೆ ಮಾಡುವ ಒಬ್ಬ ಮುದುಕಿ ಅದೇ ಕೇರಿಯಲ್ಲಿದ್ದಳು. ಅವಳು ಕೋಡನ್ನು ಬೆಂಕಿಗೆ ಹಿಡಿದು, ಒತ್ತಿ, ತೆಳ್ಳಗಿನ ಪಟ್ಟಿ ಸೀಳಿ ಕೊಟ್ಟಳು. ಹಗ್ಗದವನು ಮನೆಗೆ ಬಂದು ಅದನ್ನು ಉಜ್ಜಲು ಕೂತ. ಉಸ್ತಾದನ ಕಡ್ಡಿಯ ತುದಿ ಒಂದು ಬದಿಗೆ ಓರೆಯಾಗಿತ್ತು. ಇವನು ಮುರಿದ ಚೂರನ್ನು ಎದುರಿಗಿಟ್ಟುಕೊಂಡು ಅದೇ ಓರೆಯನ್ನು ಅಳೆದು ಅಳೆದು ಉಜ್ಜಿದ. ಬಿದಿರಿಗೂ ಹೀಗೇ ಮಾಡಿದ್ದ, ಚಿಪ್ಪಿಗೂ ಹೀಗೇ ಮಾಡಿದ್ದ.

ಮೀಟಿದ. ತುದಿಯ ಮೂಲೆ ತಂತಿಗೆ ಸಿಕ್ಕಿಕೊಂಡಿತು. ಕೋಡು ಸರಿಯಿಲ್ಲ ಎಂದು ಇನ್ನೊಂದು ಪಟ್ಟಿ ತಂದ. ಅದೂ ಹಾಗೆಯೇ. ದನಿ ಕೆಟ್ಟಾಗಲೆಲ್ಲ ಕೋಡನ್ನು ಬೈದ, ಕೋಡಿನ ಎಮ್ಮೆಯನ್ನೂ ಬೈದ. ಕುಣಿಯಲಾರದವಳಿಗೆ ನೆಲ ಡೊಂಕು. ಅಷ್ಟರಲ್ಲಿ ಅವನ ಮಣಿಕಟ್ಟು ಊದಿಕೊಂಡಿತು. ಹಡಗಿಗೆ ನಾಲ್ಕೇ ದಿನ ಉಳಿದಿತ್ತು.

ಐದನೆಯ ಸಲ ಹೋದಾಗ ಮುದುಕಿ ಅವನ ಕಡ್ಡಿಗಳನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಹಳೆಯ ಚೂರಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

“ಇದು ಕೊರೆದದ್ದಲ್ಲ, ಸವೆದದ್ದು. ಯಾರ ಕೈ ಸವೆಸಿದ್ದು?” ಎಂದಳು.

“ನನ್ನ ಉಸ್ತಾದರದು. ಹಾಯಿಕಂಬದ ಮೇಲಿಂದ ಬಿದ್ದು ಅವರ ಮಣಿಕಟ್ಟು ಮುರಿದಿತ್ತಂತೆ. ಕೈ ತಿರುಗ್ತಿರಲಿಲ್ಲ. ಮೀಟೋದು ಓರೆಯಾಗೇ ಬೀಳ್ತಿತ್ತು.”

“ನಿನ್ನ ಕೈ ತಿರುಗ್ತದಲ್ಲ? ನನ್ನ ಹತ್ರ ಬಾಚಣಿಗೆ ಕೊಳ್ಳೂಕೆ ನೂರು ಮಂದಿ ಬತ್ರು ಮಾರಾಯಾ. ಹಲ್ಲು ಸವೆಸಿ ಕೊಡು ಅಂತ ಒಬ್ರೂ ಕೇಳೂದಿಲ್ಲ.”

ಅವಳು ಇನ್ನೊಂದು ಪಟ್ಟಿ ತೆಗೆದು, ತುದಿಯನ್ನು ನೆಟ್ಟಗೆ ಉರುಟಾಗಿ ಉಜ್ಜಿ, ಎಣ್ಣೆ ಸವರಿ ಕೊಟ್ಟಳು. ಹಗ್ಗದವನು ಮನೆಗೆ ಬಂದು ಮಣಿಕಟ್ಟು ಸಡಿಲಿಸಿ ಮೀಟಿದ. ದನಿ ತುಂಬಿಕೊಂಡು ಬಂತು. ಆದರೆ ಅದು ಉಸ್ತಾದನ ದನಿಯಲ್ಲ. ಅವನಿಗೆ ಖುಷಿಯೂ ಆಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅಣ್ಣನ ನುಡಿಸಾಣಿಕೆ ಕೇಳಲು ಕಡಲು ದಾಟಿ ಬರುವವಳು ಇದನ್ನು ಕೇಳಿ ಏನೆಂದಾಳು? ಓರೆ ಕಡ್ಡಿ ಹಿಡಿದರೆ ದನಿ ಕೆಟ್ಟರೂ ಹೋಲಿಕೆ ಉಳಿದೀತು. ನಾಲ್ಕು ದಿನ ಎರಡೂ ಕಡ್ಡಿಗಳನ್ನು ಎದುರಿಗಿಟ್ಟುಕೊಂಡು ಒದ್ದಾಡಿದ.

ಹಡಗು ಬಂತು. ತಂಗಿಯೂ ಮುದುಕಿಯೇ. ಅವಳು ಚಾಪೆಯ ಮೇಲೆ ಕೂತು, ಊದ್ ಒಯ್ಯಲು ತಂದ ಕಂಬಳಿಯನ್ನು ಪಕ್ಕದಲ್ಲಿಟ್ಟುಕೊಂಡು, “ನುಡಿಸು” ಎಂದಳು. ಹಗ್ಗದವನ ಊದಿದ ಮಣಿಕಟ್ಟು ಬಿಗಿಯಲು ಒಪ್ಪಲಿಲ್ಲ. ಆದದ್ದಾಗಲಿ ಎಂದು ನೆಟ್ಟನೆಯ ಕಡ್ಡಿಯನ್ನೇ ಎತ್ತಿಕೊಂಡ. ಉಸ್ತಾದ ಹೇಳಿಕೊಟ್ಟ ಮೊದಲ ಪಾಠವನ್ನು ನುಡಿಸಿದ.

ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಇವನು ಊದ್ ಅನ್ನು ಅವಳ ಮುಂದೆ ಇಟ್ಟು, “ಕ್ಷಮಿಸಿ ತಾಯಿ, ಇದು ಅವರ ಹಾಗಿಲ್ಲ” ಎಂದ.

ಅವಳು ಕಣ್ಣೊರೆಸಿಕೊಂಡಳು. “ನೀನು ನೋಡಿದ್ದು ಕಂಬದಿಂದ ಬಿದ್ದ ಮೇಲಿನ ನನ್ನ ಅಣ್ಣನನ್ನು. ಬೀಳುವ ಮೊದಲು ಅವನು ಹೀಗೆ ನುಡಿಸುತ್ತಿದ್ದ” ಎಂದಳು. ಕಂಬಳಿಯನ್ನು ಊದ್‌ಗೆ ಹೊದಿಸಿ ಅವನ ಕಡೆಗೇ ಸರಿಸಿ, ಹಡಗಿಗೆ ಹೊರಟುಹೋದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಮುಖವನ್ನು ಎಡಕ್ಕೆ ಹೊರಳಿಸಿ, ಬಲಗಿವಿಯ ಹಿಂದೆ ಅಂಗೈ ಹಿಡಿದು ಕೇಳುತ್ತಿದ್ದ. ಯಾರ ಮಾತು ಕೇಳುವಾಗಲೂ ಗುರುಗಳು ಕೂರುತ್ತಿದ್ದುದು ಹಾಗೆಯೇ.

“ಅರ್ಥವಾಯಿತು, ಗುರುಗಳೇ” ಎಂದ ಮುರಿಗೆಪ್ಪ, ಅಂಗೈ ತೆಗೆಯದೆ.

“ತಮ್ಮಾ, ನನ್ನ ಎಡಗಿವಿ ಚಿಕ್ಕಂದಿನಲ್ಲೇ ಕಿವುಡಾಯಿತು; ನಿನ್ನದಕ್ಕೆ ಏನಾಗಿದೆ?”