ಸಾಹುಕಾರನ ಕೀಲಿಗೊಂಚಲು

"ಅಜ್ಜಾರೇ, ನಾನು ಕಾಲಿಟ್ಟ ಮಠದಲ್ಲೆಲ್ಲ ಜಗಳ ಏಳುತ್ತದಲ್ಲ, ಯಾಕೆ?"

ಅಡವಯ್ಯ ಇದನ್ನು ಕೇಳಿದ್ದು ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡ ಮೇಲೆ. ಮಠದ ಅಡುಗೆಮನೆಯಲ್ಲಿ ಬೆಳಗಿನಿಂದ ಎರಡು ಒಲೆ ಉರಿಯುತ್ತಿದ್ದವು. ಬಾಳೆಲ್ಲ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಇಬ್ಬರು ಅಡುಗೆಯವರು ಈಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಠದ ಅಜ್ಜ ಎರಡೂ ಒಲೆಯ ರೊಟ್ಟಿ ತಿಂದು, ಎರಡನ್ನೂ ಹೊಗಳಿ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ನೀನೇನು ಮಾಡಿದೆ?" ಎಂದರು ಅಜ್ಜ.

"ಶಿವನಾಣೆ, ಏನೂ ಮಾಡಿಲ್ಲ. ನನ್ನದೊಂದು ಮಾತೂ ಸೇರಿಸಿಲ್ಲ. ಇವನು ಅಂದದ್ದನ್ನು ಅವನಿಗೆ ಹೇಳಿದೆ, ಅವನು ಅಂದದ್ದನ್ನು ಇವನಿಗೆ ಹೇಳಿದೆ. ಅವರು ಕುದ್ದರು, ನಾನು ತಣ್ಣಗೇ ಇದ್ದೆ. ಹಿಂದಿನ ಎರಡು ಮಠಗಳಲ್ಲೂ ಹೀಗೇ ಆಯಿತು. ಅಲ್ಲಿಯ ಜನ ಸರಿಯಿರಲಿಲ್ಲ. ಇಲ್ಲಿಯವರೂ ಅದೇ ಪೈಕಿ. ಅಪ್ಪಣೆಯಾದರೆ ಹೊಳೆ ದಾಟಿ ಇನ್ನೊಂದು ಮಠ ನೋಡಿಕೊಳ್ಳುತ್ತೇನೆ."

ಹಾಗೆಂದನೇ ಹೊರತು ಹೋಗಲು ಅವನಿಗೆ ಮನಸ್ಸಿರಲಿಲ್ಲ. ಈ ಮಠದ ನೆರಳು ತಂಪು, ತುಪ್ಪ ಘಮಘಮ, ಅಜ್ಜನ ಮಾತು ಅದಕ್ಕಿಂತ ರುಚಿ.

"ಹೋಗುವಿಯಂತೆ. ಬಿಸಿಲು ಇಳಿಯಲಿ. ಅಲ್ಲಿಯವರೆಗೆ ಒಂದು ಕತೆ ಕೇಳು," ಎಂದರು ಅಜ್ಜ. ಅಡವಯ್ಯ ಗಂಟು ಇಳಿಸದೆಯೇ ಕೂತ.

ಒಂದೂರಲ್ಲಿ ಒಬ್ಬ ಸಾಹುಕಾರ. ಅವನ ಸೊಂಟದಲ್ಲಿ ಒಂದು ಕೀಲಿಗೊಂಚಲು. ಎಂಥ ಗೊಂಚಲು ಅಂತೀ? ಅವನು ಬಂಡಿ ಹತ್ತಿದರೆ ಆ ಕಡೆಯ ಎತ್ತು ಮಂಡಿಯೂರುತ್ತಿತ್ತು. ಮುತ್ತಜ್ಜನ ಕಾಲದ ಕಬ್ಬಿಣ, ತುಕ್ಕು ಹಿಡಿದು ಕೆಂಪಗಾಗಿತ್ತು. ನಿಂತಲ್ಲಿ ಕೂತಲ್ಲಿ ಅದನ್ನು ಬೆರಳಿನಿಂದ ಸವರಿ ಸದ್ದು ಮಾಡುವುದು ಅವನ ಚಟ. ಆ ಸದ್ದಿಗೆ ಆಚೆ ಊರಿನ ನಾಯಿಗಳೂ ಬೊಗಳುತ್ತಿದ್ದವು.

ಸಾಹುಕಾರನ ಮಗಳ ಮದುವೆ ಕೂಡಿಬಂತು. ಬೀಗರದು ಒಂದೇ ಕರಾರು. ಮದುಮಗನಿಗೆ ಹಾಲಿನಂಥ ಬಿಳಿಯ ಧೋತರ ಉಡಿಸಬೇಕು. ಕಲೆಯಾಗಲಿ ತೂತಾಗಲಿ ಕಂಡರೆ ಬಂದ ಬಂಡಿಯಲ್ಲೇ ತಿರುಗಿ ಹೋಗುತ್ತೇವೆ ಎಂದಿದ್ದರು. ನೇಕಾರ ಮೂರು ಧೋತರ ನೇಯ್ದು ಕೊಟ್ಟ. ಅವು ಇನ್ನೂ ಹಸಿ ನೂಲಿನ ಹಳದಿ ಬಣ್ಣದಲ್ಲಿದ್ದವು.

ಬಟ್ಟೆ ಬಿಳುಪು ಮಾಡುವವರು ಪೆರಾಕ್ಸೈಡ್ ಎಂಬ ಮದ್ದಿನ ನೀರು ಬಳಸುತ್ತಾರೆ. ನೋಡಲು ಬಾವಿಯ ನೀರಿನ ಹಾಗೇ. ಆದರೆ ಅದರ ಹೊಟ್ಟೆಯೊಳಗೆ ಗಾಳಿ ಅಡಗಿ ಕೂತಿರುತ್ತದೆ. ಅದು ನಿಧಾನವಾಗಿ ಹೊರಬಿದ್ದರೆ ಬಟ್ಟೆ ಬೆಳ್ಳಗಾಗುತ್ತದೆ. ಒಮ್ಮೆಗೇ ಎದ್ದರೆ ನೊರೆಯಾಗಿ ಹಾರಿಹೋಗುತ್ತದೆ, ಉಳಿಯುವುದು ಬರೀ ನೀರು. ತುಕ್ಕು ಸೋಕಿದರೆ ಸಾಕು, ಒಮ್ಮೆಗೇ ಏಳುತ್ತದೆ. ಬಟ್ಟೆಗೆ ತುಕ್ಕು ಹತ್ತಿದ್ದರೆ ಆ ಜಾಗವನ್ನೇ ತಿಂದು ತೂತು ಮಾಡುತ್ತದೆ. ಅದಕ್ಕೇ ಅವರ ಅಂಗಳದ ಕಟ್ಟಳೆ, ಕಬ್ಬಿಣ ಹೊಸ್ತಿಲ ಹೊರಗೆ. ತೊಟ್ಟಿ ಕಲ್ಲಿನದು, ಕೋಲು ಬಿದಿರಿನದು. ಹೆಂಗಸರು ಸೆರಗಿನ ಪಿನ್ನನ್ನೂ ತೆಗೆದಿಟ್ಟು ಒಳಗೆ ಬರಬೇಕು. ಆದರೆ ಸಾಹುಕಾರನಿಗೆ "ಕೀಲಿ ಬಿಚ್ಚಿಡಿ" ಎನ್ನುವ ಎದೆ ಯಾರಿಗಿದೆ?

ಸಾಹುಕಾರ ಮೊದಲನೆಯ ಊರಿಗೆ ಹೋದ. ಕೀಲಿ ಸವರಿದ ಬೆರಳಿನಿಂದಲೇ ತೊಟ್ಟಿಯ ಧೋತರವನ್ನು ಚಿವುಟಿ ಎತ್ತಿ, ಬೆಳ್ಳಗಾಯಿತೇ ಎಂದು ನೋಡಿದ. ಮತ್ತೆ ನೋಡಿದ. ಸಂಜೆಗೆ ಧೋತರದ ಅಂಚು ಒಗ್ಗರಣೆ ಸಿಡಿದ ಹಾಗೆ ತೂತು. "ಈ ಊರಿನವರಿಗೆ ಕೆಲಸ ಬಾರದು," ಎಂದು ಬೈದು ಎರಡನೆಯ ಊರಿಗೆ ಹೋದ. ಅಲ್ಲಿಯೂ ತೂತು, ಅಲ್ಲಿಯೂ ಬೈಗುಳ.

ಮೂರನೆಯ ಊರು ಮುಟ್ಟಿದಾಗ ಮದುವೆ ನಾಳೆ ಅನ್ನುವ ಹಾಗಿತ್ತು. ಬಿಳುಪು ಮಾಡುವವನು ಹೊಸ ಮದ್ದಿನ ನೀರು ಕಾಯಿಸಿ, ಕೊನೆಯ ಧೋತರ ಕೈಯಲ್ಲಿ ಹಿಡಿದು ನಿಂತಿದ್ದ. "ಇನ್ನೂ ಯಾಕಯ್ಯಾ ಮುಳುಗಿಸಿಲ್ಲ?" ಎಂದು ಸಾಹುಕಾರ ತೊಟ್ಟಿಯ ಮೇಲೆ ಬಗ್ಗಿದ. ಉಡಿದಾರ ಪಟ್ಟನೆ ಹರಿಯಿತು. ಗೊಂಚಲು ನೀರಿಗೆ ಬಿತ್ತು.

ನೊರೆ ಎದ್ದಿತು ನೋಡು. ತೊಟ್ಟಿ ತುಂಬಿತು, ಅಂಗಳ ತುಂಬಿತು. ಗೂಟಕ್ಕೆ ಕಟ್ಟಿದ್ದ ಎಮ್ಮೆ ಅಡಿಯಿಂದ ಮುಡಿಯವರೆಗೆ ಬೆಳ್ಳಗಾಯಿತು. ಮನೆಯೊಡತಿ ಅದನ್ನು ಯಾರದೋ ಆಕಳೆಂದು ತಿಳಿದು ಓಡಿಸಿಬಿಟ್ಟಳು. ಸಾಹುಕಾರ ಪೂರಾ ಮುಳುಗಿದ. ರುಮಾಲು ಮಾತ್ರ ಮೇಲೆ ತೇಲುತ್ತಿತ್ತು.

"ಎಮ್ಮೆ ಬೆಳ್ಳಗಾಯಿತೇ ಅಜ್ಜಾರೇ?" ಎಂದ ಅಡವಯ್ಯ.

"ಅದರ ಹಾಲು ನಾನೇ ಕುಡಿದಿದ್ದೇನೆ. ಮುಂದೆ ಕೇಳು."

ನೊರೆ ಇಳಿಯಿತು. ಸಾಹುಕಾರ ಗೊಂಚಲನ್ನು ಮೇಲೆತ್ತಿ ತಿರುಗಿಸಿ ತಿರುಗಿಸಿ ನೋಡಿದ. "ನೋಡಯ್ಯಾ, ಒಂದು ಚೂರೂ ಸವೆದಿಲ್ಲ. ಇದ್ದ ತುಕ್ಕು ಇದ್ದ ಹಾಗೇ ಇದೆ. ನನ್ನ ಕೀಲಿ ಏನೂ ಮಾಡಿಲ್ಲ."

"ಅದೇ ಕಷ್ಟ, ಸಾಹುಕಾರ್ರೇ," ಎಂದ ಬಿಳುಪು ಮಾಡುವವನು. "ತುಕ್ಕು ತಾನು ತಣ್ಣಗೇ ಇರುತ್ತದೆ. ಮುಟ್ಟಿದ್ದನ್ನು ಕುದಿಸಿ ಬರಿದು ಮಾಡುತ್ತದೆ. ನನ್ನ ಮದ್ದಿನ ಗತಿ ನೋಡಿ, ಕಾಗೆ ಕುಡಿಯುತ್ತಿದೆ."

ಸಾಹುಕಾರ ತನ್ನ ಬೆರಳು ನೋಡಿಕೊಂಡ. ಕೆಂಪಗಿದ್ದವು. ಎರಡೂ ಧೋತರ ತೂತಾದದ್ದು ತಾನು ಚಿವುಟಿ ಎತ್ತಿದ ಅಂಚಿನಲ್ಲೇ ಎಂಬುದು ಆಗ ನೆನಪಾಯಿತು. ಹೊರಗೆ ಹೋಗಿ ಗೊಂಚಲನ್ನು ಬೇವಿನ ಕೊಂಬೆಗೆ ತೂಗುಹಾಕಿದ. ಕೈ ತಿಕ್ಕಿ ತೊಳೆದು, ಕರೆಯುವವರೆಗೆ ಒಳಗೆ ಬರಲಿಲ್ಲ. ಹೊಸ ಮದ್ದಿನ ನೀರಿನಲ್ಲಿ ಅದ್ದಿದ ಧೋತರ ಎಷ್ಟು ಬೆಳ್ಳಗೆ ಎದ್ದಿತೆಂದರೆ, ಒಣಹಾಕಿದ ಹಗ್ಗದ ಮೇಲೆ ಕೊಕ್ಕರೆಗಳು ನೆಂಟರು ಬಂದರೆಂದು ಸಾಲಾಗಿ ಕೂತವು. ಮದುವೆ ಸುಸೂತ್ರವಾಯಿತು. ಹೋಳಿಗೆ ತಿಂದ ಬೀಗರು ಎದ್ದು ನಿಲ್ಲಲಾಗದೆ ಬಂಡಿಗೆ ಉರುಳಿಕೊಂಡು ಹೋದರು.

ಅಡವಯ್ಯ ಹೊಟ್ಟೆ ಹಿಡಿದು ನಕ್ಕ. "ಎಂಥ ಮಂಕ, ಅಜ್ಜಾರೇ, ಆ ಸಾಹುಕಾರ. ಕೇಡನ್ನು ಸೊಂಟಕ್ಕೆ ಕಟ್ಟಿಕೊಂಡು ಊರಿಂದೂರಿಗೆ ಹೋದನಲ್ಲ." ಬಿಸಿಲು ಇಳಿದಿತ್ತು. ಅವನು ಎದ್ದು, ಹೆಗಲ ಗಂಟು ಸರಿಮಾಡಿಕೊಂಡು ಪಾದ ಮುಟ್ಟಲು ಬಗ್ಗಿದ.

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು, "ಹೊಳೆಯಾಚೆಯದು ನಿನಗೆ ಎಷ್ಟನೆಯ ಮಠ ಅಂದೆ, ತಮ್ಮಾ?"