ಪದುಮಲೆಯ ಕಷಾಯ

"ಕೇಳಿರಿ, ಪುರಜನರೇ! ರಾಜಕುಮಾರಿ ಪದುಮಲೆಯ ಮೂರು ಒಗಟುಗಳನ್ನು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಇದು ಸೋಮಭೂಪನ ಅಪ್ಪಣೆ!"

ಡಂಗುರ ಸಂತೆಬೀದಿಗೆ ಬಂದಾಗ ಈರಬೊಮ್ಮ ತಾನು ಹೆಣೆದ ಚಾಪೆಗಳ ಪಕ್ಕದಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದ. ಅವನ ತಾಯಿ ಕೆಂಚವ್ವನಿಗೆ ಬುದ್ಧಿ ಕದಡಿ ಬಹಳ ವರ್ಷಗಳಾಗಿದ್ದವು. ಯಾರೂ ಇಲ್ಲದ ಕಡೆ ಅವಳಿಗೆ ದನಿಗಳು ಕೇಳುತ್ತಿದ್ದವು. ಊರಿನ ನಾಟಿವೈದ್ಯ ಕೊಟ್ಟ ಕಷಾಯದಿಂದ ದನಿಗಳು ಅಡಗಿದವು; ಆದರೆ ಕೈಕಾಲು ಅವಳ ಹಿಡಿತಕ್ಕೆ ಸಿಗದಾದವು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಚೆಲ್ಲುತ್ತಿತ್ತು. ಕೂರಿಸಿದರೆ ಏಳುವಳು, ಮಲಗಿಸಿದರೆ ನಡೆಯುವಳು. ಕಷಾಯ ಕಾಯಿಸುವುದನ್ನು ಮಗನಿಗೆ ಕಲಿಸಿದ್ದ ಆ ನಾಟಿವೈದ್ಯನೂ ಈಗ ತೀರಿಕೊಂಡಿದ್ದ. ಉಣಿಸುವವನೂ ಕಾಯುವವನೂ ಮಗನೊಬ್ಬನೇ.

ಬೇಡಿದ್ದು ಸಿಗುತ್ತದೆಂಬ ಮಾತು ಕಿವಿಗೆ ಬಿದ್ದದ್ದೇ ಈರಬೊಮ್ಮ ಚಾಪೆ ಸುತ್ತಿ, ತಾಯಿಯನ್ನು ನೆರೆಮನೆಯ ದೇವೀರಮ್ಮನಿಗೆ ಒಪ್ಪಿಸಿ ಅರಮನೆಯ ದಾರಿ ಹಿಡಿದ. ಹೆದರುವುದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

ಸಭೆಯಲ್ಲಿ ಇಬ್ಬರು ರಾಜಕುಮಾರರು ಮೊದಲೇ ನಿಂತಿದ್ದರು. ಪದುಮಲೆ ಸಿಂಹಾಸನದ ಹಿಂದೆ ಅತ್ತಿಂದಿತ್ತ ನಡೆಯುತ್ತಲೇ ಕೇಳಿದಳು: "ನನ್ನನ್ನು ಯಾರೂ ಅಟ್ಟುವುದಿಲ್ಲ, ಆದರೂ ಓಡುತ್ತೇನೆ. ಹಾಸಿಗೆಯಿದೆ, ಮಲಗಲಾರೆ. ಪೀಠವಿದೆ, ಕೂರಲಾರೆ. ಯಾವುದದು?"

"ಪ್ರೇಮ!" ಎಂದ ಮೊದಲನೆಯವನು, ಮೀಸೆ ತೀಡುತ್ತ.

"ಅಲ್ಲ."

"ದೆವ್ವದ ಕಾಟ," ಎಂದ ಎರಡನೆಯವನು.

"ಅದೂ ಅಲ್ಲ."

ಭಟರು ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು. ಈರಬೊಮ್ಮ ರಾಜಕುಮಾರಿಯ ಪಾದಗಳನ್ನೇ ನೋಡುತ್ತಿದ್ದ. ನಿಂತಾಗಲೂ ಅವು ನೆಲ ತುಳಿಯುತ್ತಿದ್ದವು. ಅವನ ತಾಯಿಯ ಪಾದಗಳೂ ಹಾಗೆಯೇ.

"ಅಮ್ಮಣ್ಣಿ, ಅದು ಮದ್ದಿನಿಂದ ಕಾಲಿಗೆ ಹತ್ತಿದ ಚಡಪಡಿಕೆ. ಮನಸ್ಸು ಕೂರು ಅಂದರೂ ಕಾಲು ಕೇಳುವುದಿಲ್ಲ."

ಪದುಮಲೆ ಅವನತ್ತ ತಿರುಗಿದಳು. "ಬೇಡಿಯಿಲ್ಲ, ಆದರೂ ಕೈ ಮರಗಟ್ಟಿದೆ. ಒಳಗೆ ನಗುತ್ತೇನೆ, ಮುಖ ಕಲ್ಲಾಗಿದೆ. ಜನ ಇದನ್ನು ಸೊಕ್ಕು ಅನ್ನುತ್ತಾರೆ. ನೀನೇನನ್ನುತ್ತೀ?"

"ಅದೂ ಮದ್ದಿನ ಬಿಗಿತವೇ. ನಮ್ಮವ್ವನೂ ನಗುತ್ತಾಳೆ. ನನಗೊಬ್ಬನಿಗೇ ತಿಳಿಯುತ್ತದೆ."

"ಕೊನೆಯದು. ನನ್ನನ್ನು ಕಾಯುವುದೂ ಅದೇ, ಕಾಡುವುದೂ ಅದೇ. ಹಿಡಿದುಕೊಂಡರೆ ಮೈ ನನ್ನದಲ್ಲ, ಬಿಟ್ಟರೆ ಮನಸ್ಸು ನನ್ನದಲ್ಲ. ಅದು ಯಾವುದು? ಅದನ್ನು ಏನು ಮಾಡಬೇಕು?"

"ಕಷಾಯ, ಅಮ್ಮಣ್ಣಿ. ಒಮ್ಮೆಗೇ ಚೆಲ್ಲಬಾರದು, ದನಿಗಳು ಮರಳುತ್ತವೆ. ಇದ್ದ ಹಾಗೇ ಕುಡಿಯುತ್ತ ಹೋಗಲೂಬಾರದು. ಬಲ್ಲವರು ನೋಡಿಕೊಳ್ಳುತ್ತ ಸ್ವಲ್ಪಸ್ವಲ್ಪವೇ ಇಳಿಸಬೇಕು. ಸಾಲದಿದ್ದರೆ ಮೆಲ್ಲಗೆ ಬೇರೆ ಮದ್ದಿಗೆ ಬದಲಾಯಿಸಬೇಕು. ದನಿ ಕೇಳುತ್ತದಾ ಅಂತ ವಿಚಾರಿಸುವವರು ಕಾಲು ಹೇಗಿದೆ ಅಂತಲೂ ವಿಚಾರಿಸಬೇಕು. ಆದರೆ ಎಷ್ಟು ಇಳಿಸಬೇಕೋ ನನಗೆ ಗೊತ್ತಿಲ್ಲ. ಅದಕ್ಕೇ ಬಂದೆ."

ರಾಜವೈದ್ಯ ನಂಜುಂಡ ಪಂಡಿತರು ಎದ್ದು ಕೈಮುಗಿದರು. "ಪ್ರಭು, ನನಗೂ ಹಾಗೇ ಅನಿಸಿತ್ತು. 'ದನಿಗಳು ಮರಳಿದರೆ ನಿನ್ನ ತಲೆ ಹೋದೀತು' ಎಂದಿದ್ದಿರಿ. ಹೆದರಿ ಒಂದು ಹನಿಯನ್ನೂ ಕಡಿಮೆ ಮಾಡಲಿಲ್ಲ."

ರಾಜ ಮಗಳತ್ತ ನೋಡಿದ. "ನೇರವಾಗಿ ಹೇಳಬಾರದಿತ್ತೇ, ಮಗಳೇ?"

"ಹೇಳಿದೆ, ಅಪ್ಪಾಜಿ. ನನ್ನ ಓಡಾಟ ನೋಡಿ ಹುಚ್ಚು ಹೆಚ್ಚಿತೆಂದು ಕಷಾಯವನ್ನೇ ಹೆಚ್ಚಿಸಿದಿರಿ. ಒಗಟಾದರೆ ಕಿವಿಗೊಡುತ್ತೀರಿ ಅಂದುಕೊಂಡೆ. ತಲೆ ತೆಗೆಯುವ ಮಾತು ನಿಮ್ಮದು, ನನ್ನದಲ್ಲ. ಆ ಇಬ್ಬರನ್ನೂ ಬಿಟ್ಟುಬಿಡಿ."

ರಾಜ ಭಟರನ್ನು ಕರೆದ. ಸೆರೆಮನೆಯ ಬಾಗಿಲು ತೆಗೆಸಿದ. ಪಂಡಿತರಿಗೆ ಅಭಯ ಕೊಟ್ಟು, ಈರಬೊಮ್ಮನನ್ನು ಕೇಳಿದ: "ಅರ್ಧ ರಾಜ್ಯ ಬೇಕೇ?"

"ಬೇಡ ಬುದ್ಧಿ. ಪಂಡಿತರು ನಮ್ಮವ್ವನನ್ನು ನೋಡಲಿ. ಅವಳ ಜೊತೆಗಿರಲು ಇನ್ನೊಬ್ಬರು ಬೇಕು. ನನಗೆ ನಿದ್ದೆ ಬೇಕು."

ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮದ್ದು ಇಳಿಸಿದಾಗ ಪದುಮಲೆಗೆ ಒಮ್ಮೆ ದನಿಗಳು ಮರಳಿದವು. ಪಂಡಿತರು ಹೆದರದೆ ಮದ್ದಿನ ಅಳತೆಯನ್ನು ತಿದ್ದಿದರು, ನಿಧಾನವಾಗಿ ಬೇರೆ ಮದ್ದಿಗೆ ತಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ತಂದೆಯ ಪಕ್ಕದಲ್ಲಿ ಕುಳಿತು ಆಸ್ಥಾನದ ಮಾತು ಕೇಳುವಷ್ಟಾದಳು. ಬೆರಳುಗಳು ಮಾತ್ರ ಆಗೀಗ ನಡುಗುತ್ತಿದ್ದವು.

ಕೆಂಚವ್ವನ ಗುಡಿಸಲಿಗೂ ಪಂಡಿತರು ತಪ್ಪದೆ ಬಂದರು. ಒಂದು ಮಧ್ಯಾಹ್ನ ಅವಳು ಗೋಡೆಗೊರಗಿ ಕುಳಿತು, ತನ್ನ ಕೈಯಿಂದಲೇ ಅಂಬಲಿ ಕುಡಿದು ಮುಗಿಸಿದಳು. ಎದ್ದು ನಡೆಯಲಿಲ್ಲ. "ಮಗಾ, ನೀನೂ ಉಣ್ಣು," ಎಂದಳು.

ಈರಬೊಮ್ಮ ಬಾಗಿಲ ಬಳಿ ಮಲಗಿ ನಿದ್ದೆಹೋಗಿದ್ದ. ಅವನನ್ನು ಎಬ್ಬಿಸಬೇಡಿರೆಂದು ಅವಳು, ಈಗ ದಿನವೂ ಜೊತೆಗಿರುವ ದೇವೀರಮ್ಮನಿಗೆ ಕೈಸನ್ನೆ ಮಾಡಿದಳು.